ಮೂವತ್ತರವರೆಗೆ ಹೇಳ್ತಾಳೆ, ಐದು ಕೊಡು ಅಂದ್ರೆ ಕೊಡಲ್ಲ!

ಈ ಸಲ ಬಂದ ಪ್ರಶ್ನೆಗಳಲ್ಲಿ ಹೆಚ್ಚಿನವು ಎರಡರಿಂದ ಐದು ವರ್ಷದ ಮಕ್ಕಳಿಗೆ ಮನೆಯಲ್ಲೇ ಹೊಸ ವಿಷಯ ಕಲಿಸುವ ಬಗ್ಗೆ ಇವೆ. ಒಂದೇ ಬಗೆಯ ಪ್ರಶ್ನೆಗಳನ್ನು ಒಟ್ಟುಗೂಡಿಸಿ ಉತ್ತರಿಸಿದ್ದೇವೆ.

ಪ್ರಶ್ನೆ: ಮಗಳಿಗೆ ಮೂರು ವರ್ಷ ತುಂಬಿ ಎರಡು ತಿಂಗಳಾಯಿತು. ಒಂದರಿಂದ ಮೂವತ್ತರವರೆಗೆ ತಡವರಿಸದೆ ಹೇಳುತ್ತಾಳೆ. ಆದರೆ ‘ಐದು ಚಮಚ ಕೊಡು’ ಅಂದರೆ ಕೈಗೆ ಸಿಕ್ಕಷ್ಟು ಎತ್ತಿ ಕೊಡುತ್ತಾಳೆ. ನಾವು ಕಲಿಸಿದ್ದರಲ್ಲಿ ಏನು ತಪ್ಪಾಗಿದೆ?

ಏನೂ ತಪ್ಪಾಗಿಲ್ಲ. ಈ ವಯಸ್ಸಿನಲ್ಲಿ ಅಂಕಿಗಳ ಹೆಸರನ್ನು ಸಾಲಾಗಿ ಹೇಳುವುದು ಒಂದು ಕಲಿಕೆ, ಆ ಹೆಸರು ಎಷ್ಟು ವಸ್ತುಗಳಿಗೆ ಸಲ್ಲುತ್ತದೆ ಎಂದು ತಿಳಿಯುವುದು ಬೇರೆಯೇ ಕಲಿಕೆ. ಎರಡನೆಯದು ತುಂಬಾ ನಿಧಾನ. ಮಗು ಮೊದಲು ‘ಒಂದು’ ಎಂದರೆ ಎಷ್ಟು ಎಂದು ಹಿಡಿಯುತ್ತದೆ. ಕೆಲವು ತಿಂಗಳ ನಂತರ ‘ಎರಡು’, ಇನ್ನೂ ಕೆಲವು ತಿಂಗಳಿಗೆ ‘ಮೂರು’. ಮೂರು, ನಾಲ್ಕರ ಹಂತ ದಾಟಿದ ಮೇಲೆ ಒಂದು ದೊಡ್ಡ ತಿಳಿವಳಿಕೆ ಮೂಡುತ್ತದೆ: ಎಣಿಸುವಾಗ ಕೊನೆಗೆ ಹೇಳಿದ ಅಂಕಿಯೇ ಒಟ್ಟು ಮೊತ್ತ. ಹೆಚ್ಚಿನ ಮಕ್ಕಳಿಗೆ ಇದು ಮೂರೂವರೆ, ನಾಲ್ಕು ವರ್ಷದ ಹೊತ್ತಿಗೆ ಬರುತ್ತದೆ. ಮನೋವಿಜ್ಞಾನಿ ಕರೆನ್ ವಿನ್ 1990ರ ಸುಮಾರಿಗೆ ನಡೆಸಿದ ಅಧ್ಯಯನಗಳಲ್ಲಿ ಈ ಮೆಟ್ಟಿಲುಗಳು ಸ್ಪಷ್ಟವಾಗಿ ಕಂಡವು. ನೀವು ಮಾಡಿದ ‘ಇಷ್ಟು ಕೊಡು’ ಪರೀಕ್ಷೆಯನ್ನೇ ಅವರೂ ಬಳಸಿದ್ದರು.

ಮಗಳು ಯಾವ ಮೆಟ್ಟಿಲಲ್ಲಿ ಇದ್ದಾಳೆ ಎಂದು ಮೊದಲು ನೋಡಿಕೊಳ್ಳಿ. ಒಂದೇ ಬಗೆಯ ಹತ್ತು ವಸ್ತುಗಳನ್ನು ಬುಟ್ಟಿಯಲ್ಲಿಡಿ, ಮರದ ಬ್ಲಾಕ್ ಆದರೆ ಒಳ್ಳೆಯದು. ‘ಗೊಂಬೆಗೆ ಒಂದು ಕೊಡು’ ಅನ್ನಿ. ಆಮೇಲೆ ಎರಡು, ಮೂರು. ಪ್ರತಿ ಅಂಕಿಯನ್ನೂ ಬೇರೆ ಬೇರೆ ಹೊತ್ತಿನಲ್ಲಿ ಮೂರು ಸಲವಾದರೂ ಕೇಳಿ, ಒಮ್ಮೆ ಸರಿ ಬಂದದ್ದು ಅದೃಷ್ಟವೂ ಆಗಿರಬಹುದು. ಎರಡಕ್ಕೆ ಸರಿಯಾಗಿ ಕೊಟ್ಟು ಮೂರಕ್ಕೆ ಹಿಡಿ ತುಂಬ ಕೊಟ್ಟರೆ, ಈಗ ಕಲಿಸಬೇಕಾದದ್ದು ಮೂರನ್ನು ಮಾತ್ರ. ಮೂವತ್ತರಿಂದ ಐವತ್ತಕ್ಕೆ ಒಯ್ಯುವುದರಿಂದ ಈ ಮೆಟ್ಟಿಲು ಬೇಗ ಬರುವುದಿಲ್ಲ.

ಮೂರನ್ನು ಕಲಿಸುವಾಗ ಮೊದಲು ಮೊತ್ತ ಹೇಳಿ, ಆಮೇಲೆ ಎಣಿಸಿ. ‘ನೋಡು, ಮೂರು ಬಟ್ಟಲು. ಒಂದು, ಎರಡು, ಮೂರು. ಒಟ್ಟು ಮೂರು.’ ಕೊನೆಯ ಮಾತಿಗೆ ಮೂರೂ ಬಟ್ಟಲುಗಳ ಸುತ್ತ ಕೈ ಆಡಿಸಿ. ಇಲ್ಲವಾದರೆ ‘ಮೂರು’ ಎಂಬುದು ಮೂರನೆಯ ಬಟ್ಟಲಿನ ಹೆಸರು ಎಂದು ಮಗು ತಿಳಿಯುವ ಸಾಧ್ಯತೆ ಇದೆ. ‘ಇದು ಮೂರು, ಇದು ಮೂರಲ್ಲ, ಎರಡು’ ಎಂದು ಪಕ್ಕದಲ್ಲೇ ಬೇರೆ ಗುಂಪನ್ನೂ ತೋರಿಸಿ. ವಸ್ತು ಬದಲಿಸುತ್ತಾ ಹೋಗಿ: ಮೂರು ಚಪ್ಪಾಳೆ, ಮೂರು ಹೆಜ್ಜೆ, ಮೂರು ಚೆಂಡು. ಒಂದೇ ಚಿತ್ರಪುಸ್ತಕದಲ್ಲಿ ಕಲಿತ ಮೂರು ಆ ಪುಟದಲ್ಲೇ ಉಳಿದುಬಿಡುತ್ತದೆ.

ಎಣಿಸುವಾಗ ಕಾಣುವ ತಪ್ಪುಗಳಿಗೆ ಕಾರಣಗಳಿವೆ. ಬೆರಳಿಗಿಂತ ಬಾಯಿ ಮುಂದೆ ಓಡಿದರೆ, ಎಣಿಸಿದ ಪ್ರತಿ ವಸ್ತುವನ್ನೂ ಎತ್ತಿ ಡಬ್ಬಿಗೆ ಹಾಕಿಸಿ. ಕೈಗೆ ಕೆಲಸ ಸಿಕ್ಕಾಗ ಬಾಯಿ ಅದಕ್ಕೆ ಹೊಂದಿಕೊಳ್ಳುತ್ತದೆ. ಎಣಿಸಿದ್ದನ್ನೇ ಮತ್ತೆ ಎಣಿಸಿದರೆ ವಸ್ತುಗಳು ಗುಂಪಾಗಿ ಅಥವಾ ವೃತ್ತಾಕಾರದಲ್ಲಿ ಬಿದ್ದಿರುತ್ತವೆ, ಸಾಲಾಗಿಡಿ. ಎಣಿಸಿ ಮುಗಿದ ಕೂಡಲೇ ‘ಹಾಗಾದರೆ ಎಷ್ಟಿವೆ?’ ಎಂದಾಗ ಮತ್ತೆ ಒಂದರಿಂದ ಶುರು ಮಾಡಿದರೆ, ಮೊತ್ತದ ಕಲ್ಪನೆ ಇನ್ನೂ ಬಂದಿಲ್ಲ. ಗದರಬೇಡಿ, ‘ಒಟ್ಟು ಮೂರು’ ಎಂದು ನೀವೇ ಹೇಳಿ ಮುಂದೆ ಹೋಗಿ. ಐದು ಬ್ಲಾಕ್‌ಗಳ ಸಾಲನ್ನು ಅಗಲಿಸಿದರೆ ‘ಈಗ ಜಾಸ್ತಿ ಆಯ್ತು’ ಎನ್ನುವುದು ಐದಾರು ವರ್ಷದವರೆಗೂ ಸಹಜ. ಅದನ್ನು ಈಗ ತಿದ್ದಲು ಹೋಗುವುದು ವ್ಯರ್ಥ.

ಅಂಕಿಗಳನ್ನು ಬರೆಸುವುದು ಇದೆಲ್ಲ ಆದ ಮೇಲಿನ ಮಾತು.

ಒಂದು ಎಚ್ಚರಿಕೆ. ಮೂರು ವರ್ಷದೊಳಗಿನ ಮಕ್ಕಳಿಗೆ, ದೊಡ್ಡವರಾಗಿದ್ದರೂ ಎಲ್ಲವನ್ನೂ ಬಾಯಿಗಿಡುವವರಿಗೆ, ಮಣಿ, ಗೋಲಿ, ಗುಂಡಿ, ಬೀಜಗಳನ್ನು ಎಣಿಸಲು ಕೊಡಬೇಡಿ. ಟಾಯ್ಲೆಟ್ ಪೇಪರ್ ಸುತ್ತಿರುವ ರಟ್ಟಿನ ಕೊಳವೆಯೊಳಗೆ ತೂರುವ ಯಾವ ವಸ್ತುವೂ ಅವರಿಗೆ ಚಿಕ್ಕದೇ. ಬಟನ್ ಬ್ಯಾಟರಿ ಮತ್ತು ಚಿಕ್ಕ ಅಯಸ್ಕಾಂತ ಇರುವ ಆಟಿಕೆ ಹತ್ತಿರವೂ ಬೇಡ. ನುಂಗಿದ ಬಟನ್ ಬ್ಯಾಟರಿ ಎರಡೇ ಗಂಟೆಯಲ್ಲಿ ಅನ್ನನಾಳವನ್ನು ಸುಡಬಲ್ಲದು.

ಪ್ರಶ್ನೆ: ಎರಡೂವರೆ ವರ್ಷದ ಮಗನಿಗೆ ಬಣ್ಣ, ಆಕಾರ ಕಲಿಸಲು ಕೂತರೆ ಎರಡು ನಿಮಿಷಕ್ಕೆ ಎದ್ದು ಓಡುತ್ತಾನೆ. ನಿನ್ನೆ ಹೇಳಿಕೊಟ್ಟ ಕೆಂಪು ಇವತ್ತು ನೆನಪಿರುವುದಿಲ್ಲ. ಎಷ್ಟು ಹೊತ್ತು ಕೂರಿಸಬೇಕು?

ಕೂರಿಸಲೇಬೇಡಿ. ನಿಂತು, ನಡೆದು, ಎತ್ತಿ ಇಟ್ಟು ಕಲಿಯಲಿ. ಈ ವಯಸ್ಸಿಗೆ ಎರಡರಿಂದ ಐದು ನಿಮಿಷದ ಪಾಠ, ದಿನಕ್ಕೆ ಮೂರು ನಾಲ್ಕು ಸಲ, ಸಾಕು. ಅವನಿಗೆ ಇನ್ನೂ ಬೇಕು ಅನ್ನಿಸುತ್ತಿರುವಾಗಲೇ ನಿಲ್ಲಿಸಿ. ಬೇಸರ ಬಂದ ಮೇಲೆ ಎಳೆದು ಕೂರಿಸಿದರೆ, ನಾಳೆ ಆ ಬುಟ್ಟಿಯನ್ನು ಕಂಡರೇ ಓಡುತ್ತಾನೆ.

ಹೆಸರು ಕಲಿಸಲು ನಾವು ಎಲ್ಲರಿಗೂ ಹೇಳುವುದು ಮೂರು ಹಂತದ ಪಾಠ. ಇದನ್ನು ರೂಪಿಸಿದವರು ಫ್ರಾನ್ಸ್‌ನ ವೈದ್ಯ ಎಡ್ವರ್ಡ್ ಸೆಗಾಂ. 1907ರಲ್ಲಿ ರೋಮ್‌ನಲ್ಲಿ ತಮ್ಮ ಮೊದಲ ಶಾಲೆ ‘ಮಕ್ಕಳ ಮನೆ’ ತೆರೆದ ಮರಿಯಾ ಮಾಂಟೆಸ್ಸರಿ ಇದನ್ನು ಜಗತ್ತಿಗೆಲ್ಲ ಪರಿಚಯಿಸಿದರು. ಮೊದಲ ಹಂತದಲ್ಲಿ ನೀವು ಹೆಸರು ಹೇಳುತ್ತೀರಿ: ‘ಇದು ಕೆಂಪು. ಇದು ನೀಲಿ.’ ಅಷ್ಟೇ, ವಿವರಣೆ ಬೇಡ. ಎರಡನೆಯದರಲ್ಲಿ ಮಗು ಗುರುತಿಸುತ್ತದೆ: ‘ಕೆಂಪು ಎಲ್ಲಿದೆ? ನೀಲಿಯನ್ನು ಕುರ್ಚಿ ಮೇಲಿಡು. ಕೆಂಪನ್ನು ಬೆನ್ನ ಹಿಂದೆ ಬಚ್ಚಿಡು.’ ಮೂರನೆಯದರಲ್ಲಿ ಮಗುವೇ ಹೆಸರು ಹೇಳುತ್ತದೆ: ‘ಇದು ಯಾವುದು?’

ಎಲ್ಲರೂ ಎಡವುವುದು ಇಲ್ಲೇ. ಮೊದಲನೆಯದಾದ ಕೂಡಲೇ ಮೂರನೆಯದಕ್ಕೆ ಹಾರಿ ‘ಇದು ಯಾವ ಬಣ್ಣ? ಇದು?’ ಎಂದು ಪರೀಕ್ಷೆ ಶುರು ಮಾಡುತ್ತೇವೆ. ಮಗು ಊಹಿಸುತ್ತದೆ, ತಪ್ಪುತ್ತದೆ, ಸುಮ್ಮನಾಗುತ್ತದೆ. ಎರಡನೆಯ ಹಂತಕ್ಕೇ ಹೆಚ್ಚು ದಿನ ಕೊಡಿ. ಆಟವೆಲ್ಲ ಇರುವುದು ಅಲ್ಲಿ. ಅಲ್ಲಿ ತಪ್ಪಿದರೆ ‘ಅಲ್ಲ’ ಎನ್ನದೆ ಮೊದಲ ಹಂತಕ್ಕೆ ಮರಳಿ ಹೆಸರನ್ನು ಮತ್ತೆ ಹೇಳಿ. ನಾಳೆ ಒಮ್ಮೆ, ಮೂರು ದಿನ ಬಿಟ್ಟು ಒಮ್ಮೆ, ವಾರದ ನಂತರ ಒಮ್ಮೆ ಅದೇ ಆಟ ಆಡಿಸಿ. ಒಂದೇ ದಿನ ಇಪ್ಪತ್ತು ಸಲ ಹೇಳಿಸಿದ್ದಕ್ಕಿಂತ ಇದು ಗಟ್ಟಿಯಾಗಿ ನಿಲ್ಲುತ್ತದೆ.

ಬಣ್ಣ ಕಲಿಸಲು ಕೆಂಪು ಕಾರು, ನೀಲಿ ಚೆಂಡು ತೋರಿಸಿದರೆ ‘ಕೆಂಪು’ ಎಂದರೆ ಚಕ್ರವೋ, ಆಕಾರವೋ, ಆ ವಸ್ತುವೋ ಎಂದು ಮಗುವಿಗೆ ಹೇಗೆ ಗೊತ್ತಾಗಬೇಕು? ಬಣ್ಣವೊಂದನ್ನು ಬಿಟ್ಟು ಉಳಿದದ್ದೆಲ್ಲ ಒಂದೇ ಇರುವ ವಸ್ತುಗಳನ್ನು ತೆಗೆದುಕೊಳ್ಳಿ, ಒಂದೇ ಅಳತೆಯ ಎರಡು ಬ್ಲಾಕ್ ಸಾಕು. ಕೆಂಪು-ನೀಲಿ ಅಥವಾ ನೀಲಿ-ಹಳದಿಯಿಂದ ಶುರು ಮಾಡಿ. ಕೆಂಪು-ಕಿತ್ತಳೆಯಂಥ ಹತ್ತಿರದ ಜೋಡಿ ಕೊನೆಗಿರಲಿ. ಆಕಾರಕ್ಕೂ ಇದೇ ನಿಯಮ: ಬಣ್ಣ, ಗಾತ್ರ ಒಂದೇ ಇರಲಿ, ಆಕಾರ ಮಾತ್ರ ಬೇರೆಯಾಗಲಿ. ತ್ರಿಕೋನವನ್ನು ಯಾವಾಗಲೂ ತಳ ಕೆಳಗಿಟ್ಟೇ ತೋರಿಸಿದರೆ, ಓರೆಯಾಗಿಟ್ಟ ದಿನ ಮಗು ಅದನ್ನು ತ್ರಿಕೋನ ಎಂದು ಒಪ್ಪುವುದಿಲ್ಲ. ತಿರುಗಿಸಿ, ಉದ್ದ ಮಾಡಿ, ಚಪ್ಪಟೆ ಮಾಡಿ ತೋರಿಸಿ.

ನಾಲ್ಕೂವರೆ ವರ್ಷದ ನಂತರವೂ ಕೆಂಪು-ಹಸಿರು ಅಥವಾ ಹಸಿರು-ಕಂದು ಮಾತ್ರ ಪದೇ ಪದೇ ಅದಲುಬದಲಾಗುತ್ತಿದ್ದರೆ ಕಣ್ಣಿನ ವೈದ್ಯರಿಗೆ ತೋರಿಸಿ. ವರ್ಣಾಂಧತೆ ಹುಡುಗರಲ್ಲಿ ಹುಡುಗಿಯರಿಗಿಂತ ಬಹಳ ಹೆಚ್ಚು, ಸಾಮಾನ್ಯವಾಗಿ ತಾಯಿಯ ಕಡೆಯಿಂದ ಬರುತ್ತದೆ. ಆ ಮಗುವಿಗೆ ಬೈದು ಕಲಿಸುವುದು ಅನ್ಯಾಯ.

ಪ್ರಶ್ನೆ: ನಾಲ್ಕು ವರ್ಷದ ಮಗಳಿಗೆ ಸ್ಲೇಟಿನಲ್ಲಿ ಅ, ಆ, ಇ, ಈ ತಿದ್ದಿಸುತ್ತಿದ್ದೇವೆ. ಬಳಪ ಹಿಡಿದ ಕೂಡಲೇ ಅಳು. ಕೆಲವು ಅಕ್ಷರ ಕನ್ನಡಿಯಲ್ಲಿ ಕಂಡಂತೆ ಉಲ್ಟಾ ಬರೆಯುತ್ತಾಳೆ.

ತಿದ್ದುವಾಗ ಮಗು ಮೂರು ಕೆಲಸ ಒಟ್ಟಿಗೆ ಮಾಡಬೇಕಾಗುತ್ತದೆ: ಸದ್ದನ್ನು ನೆನಪಿಡಬೇಕು, ಆಕಾರವನ್ನು ಗುರುತಿಸಬೇಕು, ಬೆರಳನ್ನು ಹಿಡಿತಕ್ಕೆ ತರಬೇಕು. ಮೂರನ್ನೂ ಬಿಡಿಸಿ ಬೇರೆ ಬೇರೆ ಹೊತ್ತಿನಲ್ಲಿ ಮಾಡಿಸಿ, ಅಳು ತಾನಾಗಿ ಕಡಿಮೆಯಾಗುತ್ತದೆ.

ಸದ್ದಿನಿಂದ ಶುರು ಮಾಡಿ, ಇದಕ್ಕೆ ಪುಸ್ತಕವೇ ಬೇಡ. ‘ಕ-ಮ-ಲ’ ಎಂದು ಅಕ್ಷರಕ್ಕೊಂದು ಚಪ್ಪಾಳೆ. ಮನೆಯವರ ಹೆಸರಿಗೆಲ್ಲ ಚಪ್ಪಾಳೆ ಹಾಕಿಸಿ. ಅದು ಸಲೀಸಾದ ಮೇಲೆ ಮೊದಲ ಸದ್ದಿನ ಆಟ: ‘ಮ ಇಂದ ಶುರುವಾಗುವ ಏನು ಕಾಣಿಸ್ತಿದೆ? ಮರ, ಮಂಚ…’ ಆಮೇಲೆ ಕೊನೆಯ ಸದ್ದು. ಕನ್ನಡದ ಬರಹ ಅಕ್ಷರಕ್ಕೊಂದು ಉಚ್ಚಾರದ ತುಂಡನ್ನು ಹಿಡಿಯುವುದರಿಂದ, ಪದವನ್ನು ಹೀಗೆ ಒಡೆಯಲು ಬಂದ ಮಗುವಿಗೆ ಓದು ಹತ್ತಿರವಾಗುತ್ತದೆ. ಎರಡು ಮೂರು ವಾರ ಇದನ್ನೇ ಆಡಿ.

ಆಕಾರ ಗುರುತಿಸಲು ವರ್ಣಮಾಲೆಯ ಕ್ರಮವನ್ನೇ ಹಿಡಿಯಬೇಕಿಲ್ಲ. ಆ ಕ್ರಮ ಉಚ್ಚಾರಣೆಯ ಸ್ಥಾನಗಳನ್ನು ಹೊಂದಿಸಿದ್ದು, ಅದರ ಬಾಯಿಪಾಠ ಚೆನ್ನಾಗಿಯೇ ಇರಲಿ. ಓದು ಶುರು ಮಾಡಲು ಮಾತ್ರ ಪದ ಕಟ್ಟಲು ಬರುವ ಕೆಲವೇ ಅಕ್ಷರ ಸಾಕು: ರ, ಗ, ಸ, ದ, ಅ. ಈ ಐದರಲ್ಲೇ ಸರ, ರಸ, ಅರಸ, ಅಗಸ, ಗರಗಸ ಎಲ್ಲ ಆಗುತ್ತವೆ. ನಾಲ್ಕನೆಯ ವಾರಕ್ಕೇ ತಾನು ಓದಿದೆ ಎಂಬ ಸಂತೋಷ ಸಿಕ್ಕಿದರೆ, ಮುಂದಿನ ಅಕ್ಷರಗಳನ್ನು ಮಗುವೇ ಕೇಳಿ ಕಲಿಯುತ್ತದೆ. ವಾರಕ್ಕೆ ಎರಡು, ಹೆಚ್ಚೆಂದರೆ ಮೂರು ಅಕ್ಷರ. ಮೇಲೆ ಹೇಳಿದ ಮೂರು ಹಂತದ ಪಾಠವೇ ಇಲ್ಲೂ. ದ-ಧ, ಬ-ಭ, ಪ-ಷ ಇಂಥ ಜೋಡಿಗಳನ್ನು ಒಂದೇ ವಾರದಲ್ಲಿ ತೋರಿಸಬೇಡಿ. ಒಂದು ಪೂರ್ತಿ ಗಟ್ಟಿಯಾದ ಮೇಲೆ ಇನ್ನೊಂದು. ಎಂಟು ಹತ್ತು ವ್ಯಂಜನ ಸಲೀಸಾಗಿ ಓದುವವರೆಗೆ ಕಾಗುಣಿತ ಬೇಡ, ಒತ್ತಕ್ಷರ ಅದಕ್ಕಿಂತ ಬಹಳ ಆಮೇಲೆ.

ಬಡಗಿಗಳು ಬಳಸುವ ಉಪ್ಪುಕಾಗದದಲ್ಲಿ ನಯವಾದದ್ದನ್ನು ಆರಿಸಿ, ಸುಮಾರು 10 ಸೆಂಟಿಮೀಟರ್ ಎತ್ತರದ ಅಕ್ಷರ ಕತ್ತರಿಸಿ ರಟ್ಟಿಗೆ ಅಂಟಿಸಿ. ತೋರುಬೆರಳು, ನಡುಬೆರಳು ಸೇರಿಸಿ, ಬರೆಯುವ ದಿಕ್ಕಿನಲ್ಲೇ ಸವರಿಸುತ್ತಾ ಸದ್ದು ಹೇಳಿಸಿ. ಎಲ್ಲಿಂದ ಶುರು ಎಂಬುದಕ್ಕೆ ಒಂದು ಚುಕ್ಕೆ ಇಡಿ. ದಿಕ್ಕು ತಪ್ಪಿ ಸವರಿದ್ದು ಅಭ್ಯಾಸವಾದರೆ ಮುಂದೆ ಬಿಡಿಸುವುದು ಕಷ್ಟ, ಹಾಗಾಗಿ ಮೊದಮೊದಲು ಪಕ್ಕದಲ್ಲೇ ಇರಿ.

ಇನ್ನು ಕೈ. ಮಕ್ಕಳು ಸಾಮಾನ್ಯವಾಗಿ ಎರಡು ವರ್ಷಕ್ಕೆ ನೇರ ಗೆರೆ, ಮೂರಕ್ಕೆ ವೃತ್ತ, ನಾಲ್ಕಕ್ಕೆ ಕೂಡು ಚಿಹ್ನೆ, ನಾಲ್ಕೂವರೆಯ ಆಚೀಚೆ ಚೌಕ, ಐದರ ಹೊತ್ತಿಗೆ ತ್ರಿಕೋನ ನೋಡಿ ಬರೆಯುತ್ತಾರೆ. ನಮ್ಮ ಅಕ್ಷರಗಳಲ್ಲಿ ಸುತ್ತು, ಕೊಂಡಿ, ದಿಕ್ಕು ಬದಲಾವಣೆ ಹೆಚ್ಚು. ‘ಅ’ ಬರೆಯುವಾಗ ಕೈ ಎಷ್ಟು ಸಲ ತಿರುಗುತ್ತದೆ ಎಂದು ಒಮ್ಮೆ ನಿಧಾನವಾಗಿ ಬರೆದು ನೋಡಿ. ಮುಚ್ಚಿದ ವೃತ್ತ ಮತ್ತು ಕೂಡು ಚಿಹ್ನೆ ಸಲೀಸಾಗದ ಕೈಗೆ ಅದು ಭಾರವೇ. ಮೂರು ಬೆರಳ ಹಿಡಿತ ಮೂರೂವರೆ, ನಾಲ್ಕಕ್ಕೆ ಶುರುವಾಗುತ್ತದೆ, ಮಣಿಕಟ್ಟು ಸ್ಥಿರವಾಗಿದ್ದು ಬೆರಳು ಮಾತ್ರ ಆಡುವುದು ಐದರಿಂದ ಆರರ ಸುಮಾರಿಗೆ. ಅಲ್ಲಿಯವರೆಗೆ ಹಿಟ್ಟು ಹಿಸುಕುವುದು, ಕಾಗದ ಹರಿಯುವುದು, ಬಟ್ಟೆ ಕ್ಲಿಪ್ ಸಿಕ್ಕಿಸುವುದು, ಸ್ಪಂಜ್ ಹಿಂಡುವುದು, ಇವೇ ಬರಹದ ಪಾಠ. ಕ್ರೆಯಾನನ್ನು ಎರಡು ಮೂರು ಸೆಂಟಿಮೀಟರ್ ತುಂಡು ಮಾಡಿ ಕೊಡಿ. ಚಿಕ್ಕ ತುಂಡನ್ನು ಮುಷ್ಟಿಯಲ್ಲಿ ಹಿಡಿಯಲಾಗದೆ ಬೆರಳ ತುದಿಗಳೇ ಮುಂದೆ ಬರುತ್ತವೆ. ಕಾಗದವನ್ನು ಗೋಡೆಗೆ, ಮಗುವಿನ ಕಣ್ಣಿನ ಎತ್ತರಕ್ಕೆ ಅಂಟಿಸಿ ಬರೆಸಿದರೆ ಮಣಿಕಟ್ಟು ಸರಿಯಾಗಿ ಬಾಗುತ್ತದೆ, ಭುಜವೂ ಗಟ್ಟಿಯಾಗುತ್ತದೆ.

ಉಲ್ಟಾ ಬರೆಯುವುದಕ್ಕೆ ಆರೇಳು ವರ್ಷದವರೆಗೂ ಗಾಬರಿ ಬೇಡ. ಚೊಂಬನ್ನು ಯಾವ ಕಡೆ ತಿರುಗಿಸಿದರೂ ಅದು ಚೊಂಬೇ ಎಂದು ಕಲಿತ ಮಿದುಳು, ದಿಕ್ಕು ಬದಲಾದರೆ ಅಕ್ಷರ ಕೆಡುತ್ತದೆ ಎಂಬ ಹೊಸ ನಿಯಮಕ್ಕೆ ಸಮಯ ಕೇಳುತ್ತದೆ. ಮಗಳು ಎಡಗೈಯಲ್ಲಿ ಬರೆಯುತ್ತಿದ್ದರೆ ಖಂಡಿತ ಬದಲಿಸಬೇಡಿ. ಕಾಗದವನ್ನು ದೇಹದ ನಡುವಿಗಿಂತ ಕೊಂಚ ಎಡಕ್ಕೆ ಸರಿಸಿ, ಅದರ ಮೇಲಿನ ಎಡಮೂಲೆಯನ್ನು ಸ್ವಲ್ಪ ಮೇಲೆತ್ತಿ ಓರೆಯಾಗಿಡಿ.

ಪ್ರಶ್ನೆ: ದಿನಾ ಅದೇ ಕಥೆಪುಸ್ತಕ ಓದು ಅಂತಾನೆ. ಹೊಸದು ತೆಗೆದರೆ ಹಟ. ಇದರಿಂದ ಏನಾದರೂ ಕಲಿಯುತ್ತಾನಾ?

ಖಂಡಿತ. ಮೊದಲ ಸಲ ಕಥೆ ಏನು ಎಂದು ತಿಳಿಯುವುದಕ್ಕೇ ಅವನ ಗಮನವೆಲ್ಲ ಹೋಗುತ್ತದೆ. ಐದಾರನೆಯ ಸಲ ಅವನಿಗೆ ಪದಗಳು ಕೇಳಿಸುತ್ತವೆ, ಚಿತ್ರದ ಮೂಲೆಯ ಇರುವೆ ಕಾಣಿಸುತ್ತದೆ. ಬದಲಿಸಬೇಕಾದದ್ದು ಪುಸ್ತಕವನ್ನಲ್ಲ, ಓದುವ ರೀತಿಯನ್ನು. ಮನೋವಿಜ್ಞಾನಿ ಗ್ರೋವರ್ ವೈಟ್‌ಹರ್ಸ್ಟ್ ಮತ್ತು ಜೊತೆಗಾರರು 1988ರಲ್ಲಿ ಪ್ರಕಟಿಸಿದ ಸಂವಾದದ ಓದು ಇದಕ್ಕೆ ಹೇಳಿ ಮಾಡಿಸಿದ ಕ್ರಮ: ಮಗು ಕಥೆ ಹೇಳಬೇಕು, ದೊಡ್ಡವರು ಕೇಳಬೇಕು.

ಪುಟಕ್ಕೊಂದೇ ಪ್ರಶ್ನೆ. ‘ಇಲ್ಲಿ ಏನಾಗ್ತಿದೆ?’ ಅವನು ‘ನಾಯಿ ಓಡ್ತು’ ಅಂದರೆ, ನೀವು ಎರಡು ಪದ ಸೇರಿಸಿ ಮರಳಿ ಕೊಡಿ: ‘ಹೌದು, ಕಂದು ನಾಯಿ ಬೆಕ್ಕಿನ ಹಿಂದೆ ಓಡ್ತು.’ ಅದನ್ನು ಅವನು ಮತ್ತೆ ಹೇಳಿದರೆ ಸಂತೋಷ, ಹೇಳದಿದ್ದರೆ ಒತ್ತಾಯ ಬೇಡ. ಕೇಳಿದ ಮೇಲೆ ಮನಸ್ಸಿನಲ್ಲೇ ಐದರವರೆಗೆ ಎಣಿಸುತ್ತಾ ಕಾಯಿರಿ. ಚಿಕ್ಕವರಿಗೆ ಉತ್ತರ ಜೋಡಿಸಿಕೊಳ್ಳಲು ಅಷ್ಟು ಹೊತ್ತು ಬೇಕು, ನಾವು ಒಂದೇ ಸೆಕೆಂಡಿಗೆ ನಮ್ಮ ಉತ್ತರ ಹೇಳಿಬಿಡುತ್ತೇವೆ. ಮೂರು ವರ್ಷದೊಳಗೆ ‘ಏನು, ಎಲ್ಲಿ, ಯಾರು’, ಆಮೇಲೆ ‘ಯಾಕೆ, ಮುಂದೇನಾಗಬಹುದು’. ‘ನಾಯಿ ಓಡ್ತಾ ಇದೆ ಅಲ್ವಾ?’ ಎಂದು ಕೇಳಿದರೆ ‘ಹೂಂ’ ಬಿಟ್ಟು ಬೇರೇನೂ ಬರುವುದಿಲ್ಲ.

ಪ್ರಶ್ನೆ: ಮೊಬೈಲ್‌ನಲ್ಲಿ ಕಲಿಕೆಯ ಆಪ್ ಹಾಕಿಕೊಡುವುದು ತಪ್ಪಾ?

ವಿಶ್ವ ಆರೋಗ್ಯ ಸಂಸ್ಥೆಯ 2019ರ ಮಾರ್ಗಸೂಚಿಯಂತೆ ಒಂದು ವರ್ಷದ ಮಗುವಿಗೂ ಕೂತು ನೋಡುವ ಸ್ಕ್ರೀನ್ ಬೇಡ. ಎರಡರಿಂದ ನಾಲ್ಕು ವರ್ಷದವರಿಗೆ ದಿನಕ್ಕೆ ಒಂದು ಗಂಟೆಗಿಂತ ಹೆಚ್ಚಲ್ಲ, ಕಡಿಮೆಯಾದಷ್ಟೂ ಒಳ್ಳೆಯದು. ಮೂರು ನಾಲ್ಕು ವರ್ಷದವರಿಗೆ ದಿನಕ್ಕೆ 180 ನಿಮಿಷ ಓಡಾಟ, 10ರಿಂದ 13 ಗಂಟೆ ನಿದ್ದೆಯನ್ನೂ ಅದೇ ಮಾರ್ಗಸೂಚಿ ಹೇಳುತ್ತದೆ. ಕಲಿಸುವ ಆತುರದಲ್ಲಿ ಇವೆರಡಕ್ಕೆ ಕತ್ತರಿ ಹಾಕಬೇಡಿ. ಎರಡೂವರೆ ವರ್ಷದವರೆಗೆ ಪರದೆಯಲ್ಲಿ ನೋಡಿದ್ದನ್ನು ಮಕ್ಕಳು ಎದುರಿನ ಮನುಷ್ಯರಿಂದ ಕಲಿತಷ್ಟು ಚೆನ್ನಾಗಿ ಕಲಿಯುವುದಿಲ್ಲ. ತೋರಿಸಲೇಬೇಕಿದ್ದರೆ ಪಕ್ಕದಲ್ಲಿ ಕೂತು, ನಿಲ್ಲಿಸಿ ಮಾತಾಡಿ. ಕಂಡದ್ದನ್ನು ಅದೇ ದಿನ ಕೈಯಾರೆ ಮಾಡಿಸಿ.

ಪ್ರಶ್ನೆ: ನಾಲ್ಕು ವರ್ಷದ ಮಗುವಿಗೆ ವಿಜ್ಞಾನ ಕಲಿಸಬಹುದೇ? ಕಾಳು ಮೊಳಕೆ ಬರಿಸಲು ಹೋಗಿ ಎರಡು ಸಲ ಕೊಳೆತುಹೋಯಿತು.

ಕಲಿಸಬಹುದು. ಉತ್ತರ ಹೇಳಿಕೊಡುವ ಆಸೆಯನ್ನು ತಡೆದುಕೊಂಡರೆ ಆಯಿತು. ಕ್ರಮ ಇಷ್ಟೇ: ಮೊದಲು ಊಹೆ, ಆಮೇಲೆ ಮಾಡಿ ನೋಡುವುದು, ಕೊನೆಗೆ ಕಂಡದ್ದನ್ನು ಹೇಳುವುದು.

ಕಾಳು ಕೊಳೆಯಲು ಕಾರಣ ನೀರು ಹೆಚ್ಚಾಗಿ ಗಾಳಿ ಸಿಗದಿರುವುದು. ಮೊಳಕೆಗೆ ನೀರಿನಷ್ಟೇ ಗಾಳಿಯೂ ಬೇಕು. ಕಾಳನ್ನು ಎಂಟು ಗಂಟೆ ನೆನೆಸಿ ನೀರು ಪೂರ್ತಿ ಬಸಿಯಿರಿ. ಹಿಂಡಿದರೆ ಹನಿ ಬೀಳದಷ್ಟು ಮಾತ್ರ ಒದ್ದೆಯಾದ ಹತ್ತಿಯನ್ನು ಪಾರದರ್ಶಕ ಲೋಟದ ಒಳಬದಿಗೆ ಒತ್ತಿ, ಹತ್ತಿ ಮತ್ತು ಲೋಟದ ಗೋಡೆಯ ನಡುವೆ ಐದಾರು ಕಾಳು ಸಿಕ್ಕಿಸಿ. ಹೊರಗಿನಿಂದ ಎಲ್ಲ ಕಾಣುತ್ತದೆ. ಮುಚ್ಚಳ ಹಾಕಬೇಡಿ, ದಿನಕ್ಕೆರಡು ಸಲ ಕೆಲವು ಹನಿ ಸಾಕು. ಎರಡು ಮೂರು ದಿನಕ್ಕೆ ಬೇರು ಇಣುಕುತ್ತದೆ. ಬೇರು ಒಂದಿಷ್ಟು ಉದ್ದವಾದ ಮೇಲೆ ಲೋಟವನ್ನು ಅಡ್ಡ ಮಲಗಿಸಿ, ಮರುದಿನ ಅದರ ತುದಿ ಮತ್ತೆ ಕೆಳಗೆ ತಿರುಗಿರುವುದನ್ನು ಮಗುವೇ ಕಂಡುಹಿಡಿಯಲಿ. ಇನ್ನೊಂದು ಲೋಟವನ್ನು ಕತ್ತಲೆ ಕಪಾಟಿನಲ್ಲಿಟ್ಟರೆ ಮೊಳಕೆ ಬಿಳಿಚಿಕೊಂಡು ಉದ್ದವಾಗುತ್ತದೆ, ‘ಯಾಕಿರಬಹುದು?’ ಎಂದು ಕೇಳಿ ಸುಮ್ಮನಿರಿ. ದಿನಾ ಒಂದು ಚಿತ್ರ ಬರೆಸಿ, ಗೀಚಿದರೂ ಸರಿ, ಕೆಳಗೆ ಅವನು ಹೇಳಿದ ಮಾತನ್ನು ಹೇಳಿದಂತೆಯೇ ನೀವು ಬರೆಯಿರಿ.

ಮುಳುಗು-ತೇಲು ಆಟಕ್ಕೆ ಎಂಟು ವಸ್ತು ಸಾಕು, ಭಾರವಾದರೂ ತೇಲುವ ಮರದ ತುಂಡು, ಹಗುರವಾದರೂ ಮುಳುಗುವ ಪಿನ್ನು ಅದರಲ್ಲಿರಲಿ (ಪಿನ್ನು ನಿಮ್ಮ ಕೈಯಲ್ಲೇ ಇರಲಿ). ಜೇಡಿಮಣ್ಣಿನ ಉಂಡೆ ಮುಳುಗಿದ ಮೇಲೆ ಅದನ್ನೇ ಬಟ್ಟಲಿನಂತೆ ತೆಳ್ಳಗೆ ತಟ್ಟಿ ತೇಲಿಸಿ ತೋರಿಸಿ. ಆಟ ಮುಗಿದ ಕೂಡಲೇ ನೀರು ಚೆಲ್ಲಿ. ಐದು ಸೆಂಟಿಮೀಟರ್ ನೀರಿನಲ್ಲೂ ಚಿಕ್ಕ ಮಗು ಮುಳುಗಬಹುದು, ಬಕೆಟ್ ಮುಂದೆ ಒಂದು ಕ್ಷಣವೂ ಒಂಟಿಯಾಗಿ ಬಿಡಬಾರದು.

ಪ್ರಶ್ನೆ: ಮನೆಯಲ್ಲಿ ಎರಡು ಭಾಷೆ ಇದೆ. ಎರಡು ವರ್ಷ ತುಂಬಿದ ಮಗ ಇನ್ನೂ ಬಿಡಿ ಪದಗಳಲ್ಲೇ ಮಾತಾಡುತ್ತಾನೆ. ಒಂದು ಭಾಷೆ ಬಿಡಬೇಕೇ?

ಬಿಡಬೇಡಿ. ಎರಡು ಭಾಷೆ ಕೇಳಿ ಬೆಳೆಯುವುದರಿಂದ ಮಾತು ತಡವಾಗುವುದಿಲ್ಲ. ಒಂದೇ ವಾಕ್ಯದಲ್ಲಿ ಎರಡನ್ನೂ ಬೆರೆಸುವುದು ಗೊಂದಲದ ಲಕ್ಷಣವೂ ಅಲ್ಲ. ಅವನ ಪದಗಳನ್ನು ಎಣಿಸುವಾಗ ಎರಡೂ ಭಾಷೆಯದ್ದನ್ನು ಕೂಡಿಸಿ.

ಆದರೆ ‘ಭಾಷೆ ಎರಡಿದೆ, ಅದಕ್ಕೇ ತಡ’ ಎಂದು ಕಾಯುತ್ತಾ ಕೂರುವುದೂ ಸರಿಯಲ್ಲ. ಹದಿನಾರು ತಿಂಗಳಿಗೆ ಒಂದೂ ಪದವಿಲ್ಲದಿದ್ದರೆ, ಎರಡು ವರ್ಷಕ್ಕೆ ‘ಅಮ್ಮ ಬಾ’, ‘ನೀರು ಬೇಕು’ ಹೀಗೆ ಎರಡು ಪದ ತಾನಾಗಿ ಜೋಡಿಸದಿದ್ದರೆ, ಯಾವ ವಯಸ್ಸಿನಲ್ಲಾದರೂ ಬಂದಿದ್ದ ಮಾತು ನಿಂತುಹೋದರೆ, ಕಲಿಸುವ ರೀತಿ ಬದಲಿಸುತ್ತಾ ತಿಂಗಳು ಕಳೆಯಬೇಡಿ. ನಿಮ್ಮ ಮಗ ಎರಡು ವರ್ಷ ದಾಟಿದ್ದಾನೆ, ಆದ್ದರಿಂದ ಈಗಲೇ ಮಕ್ಕಳ ವೈದ್ಯರನ್ನು ಕಂಡು ಮೊದಲು ಶ್ರವಣ ಪರೀಕ್ಷೆ ಮಾಡಿಸಿ. ಸದ್ದಿಗೆ ತಿರುಗುತ್ತಾನೆ ಎಂದ ಮಾತ್ರಕ್ಕೆ ಕಿವಿ ಪೂರ್ತಿ ಕೇಳಿಸುತ್ತಿದೆ ಎಂದಲ್ಲ. ಪದೇ ಪದೇ ಕಿವಿ ಸೋರುವ, ನೆಗಡಿಯಾಗುವ ಮಕ್ಕಳಲ್ಲಿ ಮೆಲುದನಿ ಮಾತ್ರ ತಪ್ಪಿಹೋಗುತ್ತಿರಬಹುದು. ಹೋಗುವ ಮುನ್ನ ಒಂದು ಹಾಳೆಯಲ್ಲಿ ಅವನು ಆಡುವ ಪದಗಳೆಲ್ಲವನ್ನೂ ಬರೆದಿಡಿ. ಬೆರಳು ತೋರಿಸಿ ಕೇಳುತ್ತಾನೆಯೇ, ಹೆಸರು ಕರೆದರೆ ತಿರುಗುತ್ತಾನೆಯೇ, ಸನ್ನೆಯಿಲ್ಲದೆ ಹೇಳಿದ ‘ಚಪ್ಪಲಿ ತಾ’ ಅವನಿಗೆ ಅರ್ಥವಾಗುತ್ತದೆಯೇ ಎಂಬುದನ್ನೂ ಗುರುತು ಹಾಕಿಕೊಳ್ಳಿ. ವೈದ್ಯರು ಕೇಳುವ ಮೊದಲ ಪ್ರಶ್ನೆಗಳು ಇವೇ.